ಹತಾರದ ಹಂಗು

ಕಳೆದ ಶ್ರಾವಣಮಾಸದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಪುಸ್ತಕಗಳ ಮುಖಪುಟ, ಲಗ್ನಪತ್ರಿಕೆ, ಅಂಗಡಿಗಳ ಫಲಕ ಇವುಗಳ ವಿನ್ಯಾಸವನ್ನು ಗಣಕಯಂತ್ರದಲ್ಲಿ ಮಾಡಿಕೊಟ್ಟು ಅವನು ತನ್ನ ಸಂಸಾರವನ್ನು ಸಾಗಿಸುತ್ತಿದ್ದಾನೆ. ನಮ್ಮ ಸಂಘದ ಎರಡು ಮೂರು ಪ್ರಕಟನೆಗಳ ಮುಖಪುಟಗಳೂ ಅವನ ಕೈಯಿಂದಲೇ ಬಂದುವು. ಸದಾ ಲವಲವಿಕೆಯಿಂದ ಮಾತನಾಡುವ ಆ ತರುಣನು ಅಂದು ತಲೆಬಾಗಿ ಕುಳಿತು, ಕೊಟ್ಟ ಕಾಫಿಯು ಆರುವವರೆಗೂ ಸುಮ್ಮನಿದ್ದು, ಕಡೆಗೆ ಹೇಳಿದನು:

“ಮಾಸ್ತರರೆ, ಇನ್ನು ಮುಂದೆ ನನ್ನ ಯಂತ್ರದಲ್ಲಿ ಲಿನಕ್ಸ್ ಒಂದೇ ಎಂದು ಐದು ವರ್ಷಗಳ ಹಿಂದೆ ನಿಮ್ಮೆದುರಿಗೇ ಹೇಳಿದ್ದೆ. ಮೊನ್ನೆ ಅದರೊಳಕ್ಕೆ ಮಾರಾಟದ ವಿನ್ಯಾಸ ತಂತ್ರಾಂಶವೊಂದನ್ನು ತಂದು ಕೂರಿಸಿದೆ. ಬೆಲೆ ಕೊಟ್ಟು ಕೊಂಡದ್ದೇ; ರಸೀದಿಯೂ ಇದೆ. ಆದರೂ ಮಡಿಯುಟ್ಟವನು ಮೈಲಿಗೆಯನ್ನು ಮುಟ್ಟಿದಂತಾಗಿದೆ. ನಾನು ಮಾಡಿದ್ದು ವ್ರತಭಂಗವೇ?”

ನಾನು ಮೊದಲು ನಕ್ಕೆನು. ಆಮೇಲೆ ನಗು ಬರಲಿಲ್ಲ. ಮನುಷ್ಯನು ತಾನು ದುಡಿಯುವ ಹತಾರದ ವಿಷಯದಲ್ಲಿ ಧರ್ಮಾಧರ್ಮಗಳನ್ನು ಯೋಚಿಸುವುದು ನಗುವ ಸಂಗತಿಯಲ್ಲ. ಅಂದು ನಾನು ಕೊಟ್ಟ ಉತ್ತರವು ಅರೆಬರೆಯಾಗಿದ್ದಿತು. ಆ ಬಳಿಕ ಆಲೋಚಿಸಿ ಕಂಡುದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶವು.

ಈ ವಿಷಯದ ಪರಿಚಯವಿಲ್ಲದವರಿಗಾಗಿ ಮೊದಲು ಎರಡು ಮಾತು. ಗಣಕಯಂತ್ರವು ರಥವಾದರೆ ಅದನ್ನು ನಡೆಯಿಸುವ ಸಾರಥಿಯೊಂದು ಬೇಕು. ಬಹುಮಂದಿಯ ಮನೆಗಳಲ್ಲಿ ಆ ಸಾರಥಿಯ ಹೆಸರು ವಿಂಡೋಸ್. ಅದಕ್ಕೆ ಒಡೆಯರುಂಟು, ಅದರ ಒಳಬರಹವನ್ನು ಹೊರಗಿನವರು ಓದುವಂತಿಲ್ಲ, ತಿದ್ದುವಂತಿಲ್ಲ. ಲಿನಕ್ಸಿನ ಹುಟ್ಟು ಬೇರೆ ಬಗೆಯದು. ೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು, ಯಾರು ಬೇಕಾದರೂ ನಡೆಯಿಸಬಹುದಾದ, ಓದಿ ತಿದ್ದಬಹುದಾದ, ಇದ್ದಂತೆಯೇ ಆಗಲಿ ತಿದ್ದಿದ ಮೇಲಾಗಲಿ ನೆರೆಯವರಿಗೆ ಹಂಚಬಹುದಾದ ತಂತ್ರಾಂಶಗಳನ್ನು ರಚಿಸುವುದಾಗಿ ಸಾರಿ, ಆ ಯೋಜನೆಗೆ ‘ಗ್ನೂ’ ಎಂದು ಹೆಸರಿಟ್ಟರು. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ೨೧ ವರ್ಷದ ಲಿನಸ್ ಟೋರ್ವಾಲ್ಡ್ಸ್ ಎಂಬ ತರುಣನು ಲಿನಕ್ಸಿನ ತಿರುಳನ್ನು ಬರೆದನು. ಮರುವರ್ಷವೇ ಅದನ್ನು ಗ್ನೂ ಪರವಾನಗಿಯ ಕೆಳಗೆ ಲೋಕಕ್ಕೆ ಬಿಟ್ಟುಕೊಟ್ಟನು. ಇದು ನಮ್ಮ ಊರ ಕೆರೆಯಿದ್ದಂತೆ. ನೀರು ತುಂಬಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಆದರೆ ಹೂಳೆತ್ತುವ ದಿನ ಸಲಿಕೆ ಹಿಡಿದು ಬರುವುದು ಊರವರ ಕರ್ತವ್ಯ.

ಹೀಗಿರಲು ಲಿನಕ್ಸನ್ನು ಹಿಡಿದವರಲ್ಲಿ ಕೆಲವರಿಗೆ ಅದು ಬರಿಯ ಅನುಕೂಲದ ಮಾತಲ್ಲ, ನಿಷ್ಠೆಯ ಮಾತು. ನಮ್ಮ ತರುಣನೂ ಅಂಥವನೇ. ಚಿತ್ರ ತಿದ್ದುವುದಕ್ಕೆ ೧೯೯೫ರಿಂದ ಬೆಳೆದುಬಂದ ಗಿಂಪ್, ರೇಖಾಚಿತ್ರಕ್ಕೆ ೨೦೦೩ರಲ್ಲಿ ಮೊದಲಾದ ಇಂಕ್‌ಸ್ಕೇಪ್, ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಇವುಗಳಲ್ಲಿಯೇ ಅವನು ಐದು ವರ್ಷ ದುಡಿದನು. ಕೆಲಸವು ಕೆಟ್ಟಿತೆಂದು ಯಾರೂ ಹೇಳಲಿಲ್ಲ. ತೊಡಕು ಬಂದದ್ದು ಬೇರೆ ಕಡೆಯಿಂದ. ವಿನ್ಯಾಸಕಾರನು ಒಂಟಿಯಾಗಿ ದುಡಿಯುವವನಲ್ಲ. ಅವನ ಹಿಂದೆ ಗಿರಾಕಿ, ಮುಂದೆ ಅಚ್ಚುಕೂಟ. ನಮ್ಮ ಊರುಗಳ ಅಚ್ಚುಕೂಟಗಳಲ್ಲಿ ಕೋರೆಲ್‌ಡ್ರಾ, ಫೋಟೋಷಾಪ್ ಇವುಗಳದೇ ವ್ಯವಹಾರ. ಹಿಂದೆ ಯಾರೋ ಆ ತಂತ್ರಾಂಶಗಳಲ್ಲಿ ಮಾಡಿಟ್ಟ ಕಡತವನ್ನು ಗಿರಾಕಿಯು ತಂದುಕೊಟ್ಟು, “ಇದರಲ್ಲಿ ಹೆಸರು, ತಾರೀಖು ಬದಲಾಯಿಸಿಕೊಡು” ಎನ್ನುತ್ತಾನೆ. ಮುಕ್ತ ತಂತ್ರಾಂಶದಲ್ಲಿ ತೆರೆದರೆ ಅಕ್ಷರಗಳು ಜರುಗಿರುತ್ತವೆ, ನೆರಳುಗಳು ಮಾಯವಾಗಿರುತ್ತವೆ. ಅದು ಇಂಕ್‌ಸ್ಕೇಪಿನ ದೋಷವೆನ್ನುವಂತಿಲ್ಲ; ಕೋರೆಲ್‌ಡ್ರಾ ಕಡತದ ಒಳಕಟ್ಟನ್ನು ಅದರ ಒಡೆಯರು ಬಹಿರಂಗಪಡಿಸಿಲ್ಲವಾಗಿ, ಸ್ವಯಂಸೇವಕರು ಕತ್ತಲಲ್ಲಿ ತಡವಿ ತಿಳಿದಷ್ಟೇ ತಿಳಿವು. ಆದರೆ ಗಿರಾಕಿಗೆ ಈ ವಾದವೇಕೆ? ಅವನು ಎದುರಿನ ಅಂಗಡಿಗೆ ಹೋಗುತ್ತಾನೆ. ಹೀಗೆ ಒಂದೇ ಲಗ್ನದ ಕಾಲದಲ್ಲಿ ಹನ್ನೊಂದು ಕೆಲಸಗಳು ಕೈಬಿಟ್ಟು ಹೋದವೆಂದು ತರುಣನು ಲೆಕ್ಕ ಹೇಳಿದನು. ಮನೆಯಲ್ಲಿ ವೃದ್ಧ ತಾಯಿ. ತಂಗಿಯ ಓದಿನ ಸಾಲ ಇನ್ನೂ ತೀರಿಲ್ಲ.

ಆ ವ್ಯಾಪಾರಿಗಳು ತಮ್ಮ ತಂತ್ರಾಂಶವನ್ನು ಲಿನಕ್ಸಿಗೆಂದೇ ಮಾಡಿ ಮಾರಬಾರದೇಕೆ ಎಂದು ವಾಚಕರು ಕೇಳಬಹುದು. ಒಮ್ಮೆ ಆ ಪ್ರಯತ್ನವೂ ನಡೆಯಿತು. ಕೆನಡಾದ ಕೋರೆಲ್ ಸಂಸ್ಥೆಯು ೧೯೯೯ರಲ್ಲಿ ತನ್ನದೇ ಒಂದು ಲಿನಕ್ಸನ್ನು ಹೊರತಂದಿತು. ೨೦೦೦ದಲ್ಲಿ ಕೋರೆಲ್‌ಡ್ರಾದ ೯ನೆಯ ಆವೃತ್ತಿಯನ್ನು ಲಿನಕ್ಸಿಗಾಗಿ ಮಾರಿತು. ಅದೇ ವರ್ಷ ವಿಂಡೋಸಿನ ಒಡೆಯರಾದ ಮೈಕ್ರೋಸಾಫ್ಟ್ ಸಂಸ್ಥೆಯವರು ಕೋರೆಲ್‌ನಲ್ಲಿ ೧೩.೫ ಕೋಟಿ ಡಾಲರುಗಳನ್ನು ತೊಡಗಿಸಿದರು. ೨೦೦೧ರಲ್ಲಿ ಕೋರೆಲ್ ತನ್ನ ಲಿನಕ್ಸ್ ವಿಭಾಗವನ್ನು ಬೇರೆಯವರಿಗೆ ಮಾರಿಬಿಟ್ಟಿತು. ಫೋಟೋಷಾಪಿನ ಒಡೆಯರಾದ ಅಡೋಬಿ ಸಂಸ್ಥೆಯವರಂತೂ ಅದನ್ನು ಲಿನಕ್ಸಿಗೆ ತರಲೇ ಇಲ್ಲ. ಕೊಳ್ಳುವವರು ಕಡಮೆಯೆಂದು ವ್ಯಾಪಾರಿಯು ಬರುವುದಿಲ್ಲ. ವ್ಯಾಪಾರಿಯು ಬಾರದೆ ಕೊಳ್ಳುವವರು ಹೆಚ್ಚುವುದಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ನಮ್ಮವರ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಸಿಕ್ಕಲಾರದು.

ಈ ಇಕ್ಕಟ್ಟಿನಲ್ಲಿ ಹುಟ್ಟಿದುದೇ ‘ವೈನ್’ ಎಂಬ ಸಾಧನವು. ಹೆಸರು ಮದ್ಯವನ್ನು ನೆನಪಿಗೆ ತಂದರೂ ಅದರ ಕೆಲಸವು ಸಾತ್ವಿಕವಾದದ್ದು: ಅದೊಬ್ಬ ದುಭಾಷಿ. ವಿಂಡೋಸಿಗಾಗಿ ಬರೆದ ತಂತ್ರಾಂಶವು “ಒಂದು ಕಿಟಕಿಯನ್ನು ತೆರೆ”, “ಈ ಕಡತವನ್ನು ಓದು” ಎಂದು ವಿಂಡೋಸಿನ ಮಾತಿನಲ್ಲಿ ಕೇಳುತ್ತದೆ. ವೈನ್ ಆ ಕೋರಿಕೆಯನ್ನು ನಡುವೆ ನಿಂತು ಕೇಳಿ, ಲಿನಕ್ಸಿನ ಮಾತಿಗೆ ತಿರುಗಿಸಿ, ಬಂದ ಉತ್ತರವನ್ನು ಹಿಂದಕ್ಕೆ ಒಪ್ಪಿಸುತ್ತದೆ. ಈ ಕೆಲಸವು ೧೯೯೩ರಲ್ಲಿ ಆರಂಭವಾಗಿ, ಹದಿನೈದು ವರ್ಷಗಳ ದುಡಿಮೆಯ ತರುವಾಯ ೨೦೦೮ರ ಜೂನ್ ತಿಂಗಳಲ್ಲಿ ಮೊದಲನೆಯ ಪೂರ್ಣ ಆವೃತ್ತಿಯು ಹೊರಬಂದಿತು. ಡಿಸ್ನಿ ಮೊದಲಾದ ಚಲಚ್ಚಿತ್ರ ಸಂಸ್ಥೆಗಳು ಫೋಟೋಷಾಪನ್ನು ಲಿನಕ್ಸಿನಲ್ಲಿ ನಡೆಯಿಸುವ ಸಲುವಾಗಿ ಈ ಕಾರ್ಯಕ್ಕೆ ಹಣವನ್ನು ಕೊಟ್ಟುವು. ೨೦೦೮ರಲ್ಲಿ ಗೂಗಲ್ ಸಂಸ್ಥೆಯೂ ಅದೇ ಉದ್ದೇಶಕ್ಕೆ ನೆರವಾಯಿತು. ವಿನ್ಯಾಸ ತಂತ್ರಾಂಶಗಳ ಹಳೆಯ ಆವೃತ್ತಿಗಳು ವೈನಿನ ಮೂಲಕ ಎಷ್ಟೋ ಮಟ್ಟಿಗೆ ಸುಗಮವಾಗಿ ನಡೆಯುತ್ತವೆ. ಹೊಸವು ಬಹಳ ಸಲ ಹೊಸ್ತಿಲಲ್ಲಿಯೇ ಎಡವುತ್ತವೆ. ಏಕೆಂದರೆ ಚಿತ್ರ ಬರೆಯುವುದಕ್ಕೆ ಮೊದಲು ಅವು ತಮ್ಮ ಒಡೆಯರ ಮನೆಗೆ ಓಲೆ ಕಳುಹಿ ಅಪ್ಪಣೆಯನ್ನು ಪಡೆಯಬೇಕು.

ಇನ್ನು ಪ್ರಶ್ನೆಗೆ ಬರೋಣ. ಶುದ್ಧ ನಿಷ್ಠೆಯವರು ಹೇಳತಕ್ಕದ್ದು ಇದು: ‘ಕೆರೆಯ ಏರಿಯ ಮೇಲೆ ಪರರ ಬೇಲಿಯನ್ನು ನೀನಾಗಿಯೇ ತಂದು ಹಾಕಿದೆ. ಮಾರಾಟದ ತಂತ್ರಾಂಶವು ಲಿನಕ್ಸಿನಲ್ಲಿ ಚೆನ್ನಾಗಿ ನಡೆದಷ್ಟೂ ಮುಕ್ತ ತಂತ್ರಾಂಶವನ್ನು ತಿದ್ದಿ ಬೆಳೆಯಿಸುವ ಹುರುಪು ಕುಗ್ಗುವುದು. ಕಷ್ಟಪಟ್ಟವರೇ ಅಲ್ಲವೆ ದಾರಿ ಮಾಡುವವರು?’ ಈ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ಅದರ ವೆಚ್ಚವನ್ನು ಯಾರು ಕೊಡಬೇಕು? ಸಂಬಳವು ತಿಂಗಳಿಗೆ ತಪ್ಪದೆ ಬರುವವನು ನಿಷ್ಠೆಯನ್ನು ಉಪದೇಶಿಸುವುದು ಸುಲಭ. ಅಂದಂದಿನ ದುಡಿಮೆಯಿಂದ ಅಂದಂದಿನ ಅಕ್ಕಿಯನ್ನು ತರುವವನಿಗೆ, ಒಂದು ಹಂಗಾಮಿನ ಗಿರಾಕಿಗಳನ್ನು ಕಳೆದುಕೋ ಎಂದು ಹೇಳುವ ಅಧಿಕಾರವು ನಮಗಿಲ್ಲ. ಪರರ ಹೊಟ್ಟೆಯ ಮೇಲೆ ನಾವು ಆಚರಿಸುವ ವ್ರತವು ವ್ರತವಲ್ಲ.

ವ್ಯವಹಾರಜ್ಞರು ಹೇಳುವುದು ಮತ್ತೊಂದು: ‘ಹತಾರಕ್ಕೆ ಜಾತಿಯೇನು, ನೀತಿಯೇನು? ಕೆಲಸ ನಡೆದರೆ ಸಾಕು.’ ಇದು ಕೇಳಲು ಜಾಣತನವಾಗಿ ತೋರುವುದು. ಆದರೆ ಬಡಗಿಯ ಉಳಿ, ಕಮ್ಮಾರನ ಸುತ್ತಿಗೆ ಇವು ಕೊಂಡ ದಿನದಿಂದ ಅವರವು. ಅವನ್ನು ಮಾಡಿದವನು ಮರುದಿನ ಬಂದು ಕೈಯಿಂದ ಕಿತ್ತುಕೊಳ್ಳಲಾರನು. ಈ ಹೊಸ ಹತಾರಗಳ ಸ್ವಭಾವವೇ ಬೇರೆ. ಆದಕಾರಣ ಉಳಿಯ ನ್ಯಾಯವು ಇವಕ್ಕೆ ಹೊಂದದು.

ಮೂರನೆಯ ದಾರಿಯೊಂದಿದೆ, ನಮ್ಮ ಊರುಗಳಲ್ಲಿ ಬಹಳ ಮಂದಿ ಹಿಡಿದಿರುವ ದಾರಿಯೂ ಅದೇ. ಕದ್ದ ಪ್ರತಿಯನ್ನು ತಂದು ಹಾಕಿಕೊಳ್ಳುವುದು. “ಅಷ್ಟು ದೊಡ್ಡ ಸಂಸ್ಥೆಗೆ ನನ್ನಿಂದ ಏನು ನಷ್ಟ?” ಎಂಬುದು ಸಿದ್ಧವಾದ ಸಮಾಧಾನ. ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಕಾಯಿದೆಯು ತಂತ್ರಾಂಶವನ್ನು ಸಾಹಿತ್ಯಕೃತಿಗಳ ಸಾಲಿನಲ್ಲಿಯೇ ಎಣಿಸುತ್ತದೆಂಬುದನ್ನು ಇಂಥ ಪತ್ರಿಕೆಯ ವಾಚಕರು ಗಮನಿಸಬೇಕು. ನಮ್ಮ ಪುಸ್ತಕವನ್ನು ಯಾರಾದರೂ ಹೇಳದೆ ಅಚ್ಚುಮಾಡಿದರೆ ಸಭೆಯಲ್ಲಿ ನಿಂತು ಖಂಡಿಸುವ ನಾವು, ಆ ಖಂಡನೆಯ ಕರಪತ್ರವನ್ನು ಕದ್ದ ತಂತ್ರಾಂಶದಲ್ಲಿ ಅಚ್ಚಿಗೆ ಸಿದ್ಧಪಡಿಸಬಹುದೆ? ಇದಕ್ಕಿಂತ ದೊಡ್ಡ ಕೇಡು ಮತ್ತೊಂದುಂಟು. ಕದ್ದವನು ಸ್ವತಂತ್ರನೆಂದು ಭಾವಿಸುತ್ತಾನೆ. ನಿಜವಾಗಿ ಅವನು ಒಡೆಯನಿಗೆ ಕೂಲಿಯಿಲ್ಲದ ಆಳು. ಊರೆಲ್ಲ ಕದ್ದ ಪ್ರತಿಯಲ್ಲಿಯೇ ಕಲಿತು ದುಡಿಯುವುದರಿಂದಲೇ ಆ ತಂತ್ರಾಂಶದ ಕಡತವು ಊರಿನ ನಾಣ್ಯವಾಗುತ್ತದೆ. ಪ್ರಾಮಾಣಿಕನೂ ಅದನ್ನು ಕೊಳ್ಳದೆ ಬಾಳಲಾರದ ಸ್ಥಿತಿಯು ಬರುತ್ತದೆ. ನಮ್ಮ ತರುಣನ ಹನ್ನೊಂದು ಗಿರಾಕಿಗಳನ್ನು ಎದುರಿನ ಅಂಗಡಿಗೆ ಎಳೆದದ್ದರಲ್ಲಿ ಈ ಕಳ್ಳಪ್ರತಿಗಳ ಪಾಲೂ ಇದೆ.

ಹಾಗಾದರೆ ಬೆಲೆ ಕೊಟ್ಟು ಕೊಂಡವನ ಗತಿಯೇನು? ಇಲ್ಲಿ ಕನ್ನಡದ ಎರಡು ಮಾತುಗಳು ನನಗೆ ದಾರಿ ತೋರಿದುವು: ಋಣ, ಹಂಗು. ಇವೆರಡನ್ನೂ ನಾವು ಒಂದೇ ಉಸಿರಿನಲ್ಲಿ ಆಡುತ್ತೇವೆ. ಆದರೆ ಅವು ಒಂದೇ ಅಲ್ಲ. ಋಣವನ್ನು ತೀರಿಸಬಹುದು. ತೀರಿಸಿದ ಮೇಲೆ ಕೊಟ್ಟವನೂ ಕೊಂಡವನೂ ಸಮಾನರು. ಹಂಗು ತೀರುವಂಥದಲ್ಲ, ಎಷ್ಟು ಕೊಟ್ಟರೂ ಮರುದಿನದ ಬಾಳು ಇನ್ನೊಬ್ಬನ ಮರ್ಜಿಯಲ್ಲಿ ನಿಂತಿರುವುದು. ಭೀಷ್ಮರಂತಹ ಧರ್ಮಜ್ಞರು ಅಧರ್ಮದ ಪಕ್ಷದಲ್ಲಿ ನಿಂತು ಬಾಣ ಹಿಡಿಯಬೇಕಾದದ್ದು ಋಣದಿಂದಲ್ಲ, ಹಂಗಿನಿಂದ.

ಮಾರಾಟದ ತಂತ್ರಾಂಶಗಳು ನಮ್ಮ ಕಣ್ಣೆದುರಿಗೇ ಋಣದಿಂದ ಹಂಗಿಗೆ ಜಾರಿದುವು. ಅಡೋಬಿ ಸಂಸ್ಥೆಯವರು ೨೦೧೨ರವರೆಗಿನ ಆವೃತ್ತಿಗಳನ್ನು ಒಂದೇ ಬಾರಿಗೆ ಬೆಲೆ ಪಡೆದು ಮಾರುತ್ತಿದ್ದರು. ೨೦೧೩ರಲ್ಲಿ ಹೊಸ ಆವೃತ್ತಿಗಳೆಲ್ಲ ಚಂದಾ ಕೊಡುವವರಿಗೆ ಮಾತ್ರವೆಂದು ಸಾರಿದರು. ಕೊಟ್ಟಷ್ಟು ಕಾಲ ಹತಾರವು ಕೈಯಲ್ಲಿ. ನಿಲ್ಲಿಸಿದ ದಿನ ಕೈ ಬರಿದು. ಅದಕ್ಕೆ ಕೆಲವು ತಿಂಗಳುಗಳ ಮೊದಲು, ಹಿಂದೆ ಮಾರಿದ್ದ ಒಂದು ಆವೃತ್ತಿಗೆ ಅಪ್ಪಣೆ ಕೊಡುತ್ತಿದ್ದ ಯಂತ್ರಗಳನ್ನು ಅವರು ನಿಲ್ಲಿಸಿದರು. ಕೊಂಡವರಿಗೆಂದು ಅಪ್ಪಣೆ ಬೇಡದ ಪ್ರತಿಯನ್ನು ಬೇರೆಯಾಗಿ ಒದಗಿಸಿದರೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಒದಗಿಸದಿದ್ದರೆ ಕೊಂಡವರು ಏನು ಮಾಡಬಹುದಾಗಿದ್ದಿತು? ೨೦೧೯ರ ಅಕ್ಟೋಬರಿನಲ್ಲಿ ನಡೆದುದು ಇನ್ನೂ ಕಣ್ಣು ತೆರೆಯಿಸುವಂಥದು. ಅಮೆರಿಕದ ಸರಕಾರದ ಆಜ್ಞೆಯನ್ನು ಅನುಸರಿಸಿ, ವೆನಿಜುವೆಲಾ ದೇಶದವರ ಖಾತೆಗಳನ್ನೆಲ್ಲ ಮುಚ್ಚುವುದಾಗಿ ಆ ಸಂಸ್ಥೆಯವರು ತಿಳಿಸಿದರು. ತಿಂಗಳು ಮುಗಿಯುವುದರೊಳಗೆ ಸರಕಾರದ ಅನುಮತಿಯು ದೊರೆತು ಆ ನಿರ್ಧಾರವು ಹಿಂದಾಯಿತು. ಆದರೆ ಯಾವ ತಪ್ಪನ್ನೂ ಮಾಡದ ಒಬ್ಬ ಚಿತ್ರಕಾರನ ಕುಂಚವು, ಅವನು ಮತ ಕೊಡದ ಒಂದು ಸರಕಾರದ ರುಜುವಿನಿಂದ ನಿಂತುಹೋಗಬಹುದೆಂಬುದು ಆ ಕೆಲವು ವಾರಗಳಲ್ಲಿ ಜಗತ್ತಿಗೆ ತಿಳಿಯಿತು. ಇದೇ ಹಂಗು.

ಇಷ್ಟು ಯೋಚಿಸಿದಾಗ ನನಗೆ ನನ್ನ ಮನೆಯದೇ ಒಂದು ಸಂಗತಿಯು ನೆನಪಾಯಿತು. ನನ್ನ ತೀರ್ಥರೂಪರು ನಮ್ಮ ಸೀಮೆಯ ಹಳೆಯ ಕೆರೆಕಟ್ಟೆಗಳನ್ನು ಕುರಿತು ಬರೆದ ಲೇಖನಗಳನ್ನು ೨೦೦೩ರಲ್ಲಿ ಪುಸ್ತಕವಾಗಿ ಅಚ್ಚುಮಾಡಿಸಿದ್ದೆವು. ಎರಡು ವರ್ಷಗಳ ಹಿಂದೆ ಮರುಮುದ್ರಣಕ್ಕೆ ಹೊರಟಾಗ ಅಚ್ಚುಕೂಟವು ಮುಚ್ಚಿಹೋಗಿದ್ದಿತು. ಕಾಲವಾದ ಮಾಲೀಕರ ಮಗನು ಅಟ್ಟದಿಂದ ಒಂದು ತಟ್ಟೆಯನ್ನು ಹುಡುಕಿ ಕೊಟ್ಟನು. ಪುಸ್ತಕವು ಅದರಲ್ಲಿದ್ದಿತು, ಆದರೆ ತೆರೆಯುವ ದಾರಿಯಿರಲಿಲ್ಲ. ಪುಟಕಟ್ಟಿದ ತಂತ್ರಾಂಶವು ಎಂದೋ ನಿಂತುಹೋಗಿದ್ದಿತು. ಸಾಲದುದಕ್ಕೆ, ೧೯೯೧ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ನಮ್ಮ ಅಚ್ಚುಕೂಟಗಳು ಬಹುಕಾಲ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಹಳೆಯ ಫಾಂಟುಗಳನ್ನೇ ಬಳಸಿದುವು. ಆ ಫಾಂಟಿಲ್ಲದೆ ನೋಡಿದರೆ ತಂದೆಯವರ ಗದ್ಯವು ಅರ್ಥವಿಲ್ಲದ ಗೀಚುಗಳ ಸಾಲು. ಅವರೇ ಬರೆದ ಮಾತು, ನಾವೇ ಹಣ ಕೊಟ್ಟು ಮಾಡಿಸಿದ ಪುಟ. ಬೀಗದ ಕೈ ಮಾತ್ರ ನಮ್ಮಲ್ಲಿಲ್ಲ.

ಆಗ ನೆರವಾದವನು ಇದೇ ತರುಣನು. ಮುಚ್ಚಿದ ಅಚ್ಚುಕೂಟದ ಕಪಾಟಿನಲ್ಲಿ ಆ ಹಳೆಯ ತಂತ್ರಾಂಶದ ಮೂಲ ತಟ್ಟೆಯೂ ಅದರ ಸಂಖ್ಯೆಯ ಚೀಟಿಯೂ ಇದ್ದುವು. ಮಾಲೀಕರ ಮಗನು ಸಂತೋಷದಿಂದ ಕೊಟ್ಟನು. ಹೊಸ ಯಂತ್ರಗಳು ಅದನ್ನು ಒಳಕ್ಕೆ ಬಿಟ್ಟುಕೊಳ್ಳಲೊಲ್ಲವು. ತರುಣನು ತನ್ನ ಲಿನಕ್ಸಿನಲ್ಲಿ ವೈನಿನ ಮೂಲಕ ಅದನ್ನು ಎಬ್ಬಿಸಿ, ಹಳೆಯ ಫಾಂಟನ್ನು ಜೊತೆಗೂಡಿಸಿ, ಒಂದು ಮಧ್ಯಾಹ್ನ ನನ್ನನ್ನು ಕರೆದು ತೋರಿಸಿದನು. ಇಪ್ಪತ್ತು ವರ್ಷ ಮಲಗಿದ್ದ ಪುಟಗಳು ಎದ್ದು ನಿಂತಿದ್ದುವು. ಆಮೇಲೆ ಅವನು ಅದನ್ನೆಲ್ಲ ಯೂನಿಕೋಡಿಗೆ ತಿರುಗಿಸಿದನು; ನಾನೂ ನನ್ನ ಮಗಳೂ ಕುಳಿತು ಒತ್ತಕ್ಷರಗಳ ತಪ್ಪುಗಳನ್ನು ತಿದ್ದಿದೆವು. ಇಂದು ಆ ಪುಸ್ತಕವನ್ನು ಯಾವ ಯಂತ್ರದಲ್ಲಿಯೂ ಯಾರೂ ಓದಬಹುದು.

ಅಂದೂ ಅವನು ಲಿನಕ್ಸಿನೊಳಗೆ ಮಾರಾಟದ ತಂತ್ರಾಂಶವನ್ನೇ ನಡೆಯಿಸಿದ್ದನು. ಅಂದು ಅವನಿಗೂ ನನಗೂ ಮೈಲಿಗೆಯ ನೆನಪೇ ಬರಲಿಲ್ಲವೇಕೆ? ಸೇತುವೆಯು ಒಂದೇ, ದಿಕ್ಕು ಬೇರೆ. ಅಂದು ಸೆರೆಯಲ್ಲಿದ್ದುದನ್ನು ಹೊರಕ್ಕೆ ತರಲು ಸೇತುವೆಯನ್ನು ದಾಟಿದನು. ಇಂದು ತನ್ನ ಹೊಸ ಕೆಲಸವನ್ನು ಸೆರೆಯೊಳಕ್ಕೆ ಒಯ್ಯುತ್ತಿರುವೆನೋ ಎಂಬ ಅಳುಕು ಅವನನ್ನು ಕಾಡುತ್ತಿದೆ. ಅವನ ಮನಸ್ಸಾಕ್ಷಿಯು ನನ್ನ ತರ್ಕಕ್ಕಿಂತ ಮೊದಲೇ ಸರಿಯಾದ ಸ್ಥಳವನ್ನು ಮುಟ್ಟಿದ್ದಿತು.

ಆದುದರಿಂದ ನನಗೆ ತೋರುವುದು ಇಷ್ಟು. ಕೊಂಡ ಹತಾರವು ಮುಕ್ತವೋ ಮಾರಾಟದ್ದೋ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯ ಪ್ರಶ್ನೆಯೆಂದರೆ, ನಾಳೆ ಆ ಹತಾರವನ್ನು ಕೆಳಗಿಟ್ಟರೆ ನನ್ನ ಕೆಲಸವು ನನ್ನ ಸಂಗಡ ಬರುವುದೋ ಇಲ್ಲವೋ ಎಂಬುದು. ಬರುವುದಾದರೆ ಅದು ಋಣ. ಬೆಲೆ ಕೊಟ್ಟಲ್ಲಿಗೆ ತೀರಿತು. ಬಾರದಿದ್ದರೆ ಅದು ಹಂಗು. ಎಷ್ಟು ರಸೀದಿಗಳಿದ್ದರೂ ತೀರದು. ಗಿರಾಕಿಯು ತಂದ ಕಡತವನ್ನು ತಿದ್ದಲು ಮಾರಾಟದ ತಂತ್ರಾಂಶವನ್ನು ಬಳಸುವುದರಲ್ಲಿ ದೋಷವಿಲ್ಲ. ತಾನಾಗಿ ಹೊಸದಾಗಿ ರಚಿಸುವುದನ್ನು ಮುಕ್ತ ಹತಾರದಲ್ಲಿ ರಚಿಸಲಿ. ಉಳಿದುದರದೂ ಎಲ್ಲರೂ ತೆರೆಯಬಹುದಾದ ರೂಪದ ಒಂದು ಪ್ರತಿಯನ್ನು ತಪ್ಪದೆ ತೆಗೆದಿಡಲಿ.

ಇದರ ಜೊತೆಗೆ ಹೂಳೆತ್ತುವ ಕರ್ತವ್ಯವೊಂದುಂಟು. ರಾಜಿ ಮಾಡಿಕೊಂಡವನು, ಮುಂದೆ ಬರುವವನಿಗೆ ಅದೇ ರಾಜಿಯು ಅಗತ್ಯವಾಗದಂತೆ ಏನಾದರೂ ಮಾಡಬೇಕು. ಹೀಗೆ ಮಾಡಿದವರ ದೃಷ್ಟಾಂತವೂ ಇದೆ. ಮೂರು ಆಯಾಮಗಳ ಚಿತ್ರರಚನೆಗೆಂದು ಬಳಕೆಯಲ್ಲಿದ್ದ ಬ್ಲೆಂಡರ್ ಎಂಬ ತಂತ್ರಾಂಶದ ಒಡೆತನದ ಸಂಸ್ಥೆಯು ೨೦೦೨ರಲ್ಲಿ ಮುಚ್ಚಿಹೋದಾಗ, ಅದನ್ನು ಬಳಸುತ್ತಿದ್ದವರು ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಚಂದಾ ಕೂಡಿಸಿ, ಅದನ್ನು ಬಿಡಿಸಿಕೊಂಡು ಲೋಕಕ್ಕೆ ಮುಕ್ತವಾಗಿಸಿದರು. ಅದರಲ್ಲಿಯೇ ರಚಿತವಾದ ‘ಫ್ಲೋ’ ಎಂಬ ಲಾಟ್ವಿಯಾ ದೇಶದ ಚಲಚ್ಚಿತ್ರಕ್ಕೆ ೨೦೨೫ರಲ್ಲಿ ಆಸ್ಕರ್ ಪ್ರಶಸ್ತಿಯು ಬಂದಿತು. ಹಣವನ್ನೇ ಕೊಡಬೇಕೆಂದಿಲ್ಲ. ಕನ್ನಡದ ಯಾವ ಒತ್ತಕ್ಷರವು ಎಲ್ಲಿ ಜರುಗುತ್ತದೆಂದು ಕರ್ತೃಗಳಿಗೆ ಬರೆದು ತಿಳಿಸುವುದೂ ಒಂದು ಬುಟ್ಟಿ ಹೂಳೇ. ಆ ಕೆಲಸವನ್ನು ಕನ್ನಡಿಗನಲ್ಲದೆ ಮತ್ತಾರು ಮಾಡಬಲ್ಲರು?

ಈ ಮಾತುಗಳನ್ನೆಲ್ಲ ಮೊನ್ನೆ ತರುಣನಿಗೆ ಹೇಳಿದೆನು. ಅವನು ಕೇಳಿ, ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ವ್ರತಭಂಗವಾಗಲಿಲ್ಲ ಎನ್ನುತ್ತೀರಾ, ಮಾಸ್ತರರೆ?” ಎಂದನು.

“ಅದು ನಿನ್ನೆ ಮೊನ್ನೆಯ ಲೆಕ್ಕವಲ್ಲಪ್ಪ,” ಎಂದೆನು, “ಪ್ರತಿಯೊಂದು ಕಡತವನ್ನು ಮುಚ್ಚಿಡುವಾಗಲೂ ನೋಡಿಕೊಳ್ಳಬೇಕಾದ ಲೆಕ್ಕ. ಹತ್ತು ವರ್ಷಗಳ ಮೇಲೆ ಯಾರೋ ಒಬ್ಬರು ತಮ್ಮ ತಂದೆಯ ಪುಸ್ತಕವನ್ನು ಹುಡುಕಿಕೊಂಡು ನಿನ್ನ ಅಂಗಡಿಗೆ ಬರುತ್ತಾರೆ. ಅಂದು ನೀನು ತೆರೆದುಕೊಡಬಲ್ಲೆಯಾದರೆ ನಿನ್ನ ವ್ರತವು ಉಳಿದಿದೆ.”

ಅವನು ಮಾತನಾಡದೆ ಎದ್ದು ಹೋದನು. ಮರುದಿನ ಅವನಿಂದ ಓಲೆಯೊಂದು ಬಂದಿತು. ನಮ್ಮ ಸಂಘಕ್ಕಾಗಿ ಈವರೆಗೆ ಮಾಡಿದ ಮುಖಪುಟಗಳನ್ನೆಲ್ಲ, ಎಲ್ಲರೂ ತೆರೆಯಬಹುದಾದ ರೂಪದಲ್ಲಿ, ಅವನು ಅದರ ಜೊತೆಗೆ ಕಳುಹಿಸಿದ್ದನು.